ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ: ಕನ್ನಡ ಶಾಸನಗಳಲ್ಲಿ ವೀರಪುರಸ್ಕಾರದ ಸ್ವರೂಪ

ವೀರಗಲ್ಲು ಎಂದೊಡನೆ ಅದನ್ನು ಸ್ಮಾರಕಶಿಲೆ ಎಂದು ಅರ್ಥೈಸುವುದು ನಮ್ಮ ಅಧ್ಯಯನಗಳಲ್ಲಿ ರೂಢಮೂಲವಾಗಿದೆ. ಮಡಿದವನ ನೆನಪಿಗಾಗಿ ನಿಲ್ಲಿಸಿದ ಕಲ್ಲು ಎಂಬ ಈ ವಿವರಣೆ ತಪ್ಪಲ್ಲ. ಆದರೆ ಬರಹವುಳ್ಳ ವೀರಗಲ್ಲುಗಳನ್ನೂ ವೀರರಿಗೆ ಸಂಬಂಧಿಸಿದ ದಾನಶಾಸನಗಳನ್ನೂ ಒಟ್ಟಿಗೆ ಇರಿಸಿಕೊಂಡು ಓದಿದಾಗ ಸ್ಮರಣೆಯಷ್ಟೇ ಪ್ರಬಲವಾದ ಇನ್ನೊಂದು ಉದ್ದೇಶ ಕಾಣಿಸಿಕೊಳ್ಳುತ್ತದೆ. ಯಾರು ಯಾರ ಪರವಾಗಿ ಎಲ್ಲಿ ಕಾದಿದರು, ಅದನ್ನು ಕಂಡು ಅಥವಾ ಕೇಳಿ ಒಡೆಯನು ಹೇಗೆ ಮೆಚ್ಚಿದನು, ಮೆಚ್ಚಿ ಏನನ್ನು ಕೊಟ್ಟನು, ಅದು ಯಾರಿಗೆ ಸಲ್ಲಬೇಕು, ಅದನ್ನು ಕೆಡಿಸಿದವನಿಗೆ ಒದಗುವ ಪಾಪವೇನು ಎಂಬ ಅಂಶಗಳು ಬಹುಮಟ್ಟಿಗೆ ಇದೇ ಕ್ರಮದಲ್ಲಿ ಬರುತ್ತವೆ. ಇದು ಒಂದು ಪುರಸ್ಕಾರಪತ್ರದ ರಚನೆ. ಜೊತೆಗೆ ಭೂಮಿಯ ಹಕ್ಕುಪತ್ರದ ರಚನೆಯೂ ಹೌದು. ಈ ಎರಡೂ ಒಂದೇ ಕಲ್ಲಿನಲ್ಲಿ ಸೇರಿರುವುದರಿಂದಲೇ ಪ್ರಾಚೀನ ಕರ್ನಾಟಕದಲ್ಲಿ ಸೈನಿಕ ಗೌರವವೆಂಬುದು ಏನಾಗಿತ್ತು ಎಂಬ ಪ್ರಶ್ನೆಗೆ ಉತ್ತರ ದೊರೆಯುವಂತಾಗಿದೆ. ಪ್ರಸ್ತುತ ಲೇಖನವು ಕೆಲವೇ ಶಾಸನಗಳನ್ನು ಆಧರಿಸಿ ಆ ಉತ್ತರವನ್ನು ಹುಡುಕುವ ಪ್ರಯತ್ನವಾಗಿದೆ.

ಈ ವಿಷಯದಲ್ಲಿ ಮೊದಲ ಗಂಭೀರ ಚಿಂತನೆ ನಡೆದದ್ದು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ (೧೯೬೬). ಆ ಬಳಿಕ ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' ಹಾಗೂ ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಅವರು ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ ಹೊರಬಂದು ಈ ಕ್ಷೇತ್ರಕ್ಕೆ ಒಂದು ಚೌಕಟ್ಟನ್ನು ಒದಗಿಸಿದವು. ಆದರೂ ವೀರಗಲ್ಲುಗಳನ್ನು ಶಿಲ್ಪದ ದೃಷ್ಟಿಯಿಂದ, ಮತ್ತು ರಾಜಕೀಯ ಇತಿಹಾಸಕ್ಕೆ ಬೇಕಾದ ಯುದ್ಧಗಳ ದೃಷ್ಟಿಯಿಂದ ನೋಡಿದಷ್ಟು ಅವುಗಳಲ್ಲಿ ನಮೂದಾದ ದತ್ತಿಯ ದೃಷ್ಟಿಯಿಂದ ನೋಡಿದ್ದು ಕಡಿಮೆ. ಶಾಸನದ ಕೊನೆಯ ಎರಡು ಸಾಲುಗಳನ್ನು 'ಇತ್ಯಾದಿ' ಎಂದು ಮುಗಿಸುವ ಸಾರಾಂಶಗಳು ನಮ್ಮಲ್ಲಿ ಹೇರಳವಾಗಿವೆ. ಆ ಎರಡು ಸಾಲುಗಳಿಗಾಗಿಯೇ ಆ ಕಲ್ಲನ್ನು ನೆಟ್ಟಿರಬಹುದೆಂಬುದನ್ನು ನಾವು ಮರೆಯುತ್ತೇವೆ.

ಹಲ್ಮಿಡಿಯ ಸಾಕ್ಷ್ಯ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಕನ್ನಡ ಭಾಷೆಯ ಪ್ರಾಚೀನತೆಯ ಕುರುಹಾಗಿ ಎಲ್ಲರೂ ಬಲ್ಲರು. ೧೯೩೬ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಹದಿನಾರು ಸಾಲುಗಳ ಬರಹವನ್ನು ಸಾಮಾನ್ಯವಾಗಿ ಕ್ರಿ.ಶ. ೪೫೦ರ ಸುಮಾರಿನದೆಂದು ಒಪ್ಪಲಾಗಿದೆ. ಅದರ ಕಾಲ, ಓದು, ಅನ್ವಯಗಳ ಬಗ್ಗೆ ಭಿನ್ನಾಭಿಪ್ರಾಯಗಳಿದ್ದರೂ ಶಾಸನದ ವಿಷಯದ ಬಗ್ಗೆ ಸಂದೇಹವಿಲ್ಲ. ಕದಂಬ ಕಾಕುಸ್ಥನ ಆಳ್ವಿಕೆಯಲ್ಲಿ ಕೇಕಯ ಪಲ್ಲವರೊಡನೆ ಕಾದಿ ಗೆದ್ದ ವಿಜಅರಸನೆಂಬ ವೀರನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು 'ಬಾಳ್ಗಳ್ಚು'ವಾಗಿ ಕೊಡಲಾಯಿತು. ಅಂದರೆ ಕನ್ನಡದ ಅತ್ಯಂತ ಹಳೆಯ ಬರಹಗಳ ಸಾಲಿನಲ್ಲಿ ನಿಲ್ಲುವ ಈ ದಾಖಲೆ ಮೂಲತಃ ಒಂದು ಸೈನಿಕ ಪುರಸ್ಕಾರದ ದಾಖಲೆಯಾಗಿದೆ. ಭಾಷಾಶಾಸ್ತ್ರದ ಉತ್ಸಾಹದಲ್ಲಿ ಈ ಸರಳ ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲವೆಂದೇ ಹೇಳಬೇಕು.

'ಬಾಳ್' ಎಂದರೆ ಕತ್ತಿ. 'ಕೞ್ಚು' ಎಂದರೆ ತೊಳೆ. ಕಾಲ್ ಕರ್ಚುವುದು ಎಂಬಲ್ಲಿ ಹಳಗನ್ನಡದ ಓದುಗರಿಗೆ ಪರಿಚಿತವಾದ ಧಾತುವೇ ಇದು. ಯುದ್ಧದಿಂದ ಹಿಂದಿರುಗಿದ ವೀರನ ನೆತ್ತರು ಮೆತ್ತಿದ ಕತ್ತಿಯನ್ನು ತೊಳೆದು ದತ್ತಿಯನ್ನು ಕೊಡುವ ವಿಧಿಯನ್ನು ಈ ಪದ ಸೂಚಿಸುತ್ತದೆ ಎಂಬುದು ವಿದ್ವಾಂಸರಲ್ಲಿ ಬಹುಮಾನ್ಯವಾದ ಅಭಿಪ್ರಾಯ. ದೇವರಿಗೂ ಬ್ರಾಹ್ಮಣರಿಗೂ ಕೊಡುವ ಭೂಮಿ ಕಾಲು ತೊಳೆದು ಧಾರೆಯೆರೆದು ಕೊಡುವಂಥದು. ಅದಕ್ಕೆ 'ಪಾದಪ್ರಕ್ಷಾಲನಪೂರ್ವಕ' ಎಂಬ ಮಾತು ಶಾಸನಗಳಲ್ಲಿ ಸರ್ವೇಸಾಮಾನ್ಯ. ವೀರನ ವಿಷಯದಲ್ಲಿ ನೀರು ಬೀಳುವುದು ಪಾದದ ಮೇಲಲ್ಲ, ಕತ್ತಿಯ ಮೇಲೆ. ಎರಡು ವಿಧಿಗಳ ಹೋಲಿಕೆ ಆಕಸ್ಮಿಕವಲ್ಲವೆಂದು ತೋರುತ್ತದೆ. ದಾನವೆಂಬುದಕ್ಕೆ ನೀರು ಬೇಕೇಬೇಕು. ದಾನಕ್ಕೆ ಪಾತ್ರವಾದದ್ದು ಯಾವುದೋ ಅದನ್ನು ತೊಳೆಯಬೇಕು.

ಹಲ್ಮಿಡಿ ಶಾಸನದ ಇನ್ನೊಂದು ವಿವರವೂ ಇಲ್ಲಿ ಮುಖ್ಯವಾದುದು. ಈ ದತ್ತಿಯನ್ನು ಕೊಟ್ಟದ್ದು ಸೇಂದ್ರಕ ಮತ್ತು ಬಣ ಎಂಬ ಎರಡೂ ದೇಶಗಳ ವೀರಪುರುಷರ ಸಮಕ್ಷಮದಲ್ಲಿ. ಪುರಸ್ಕಾರಕ್ಕೆ ಸಾಕ್ಷಿಗಳು ಬೇಕು, ಆ ಸಾಕ್ಷಿಗಳು ಪುರಸ್ಕೃತನ ಸಮಾನರೇ ಆಗಿರಬೇಕು ಎಂಬ ಭಾವನೆ ಐದನೆಯ ಶತಮಾನದಷ್ಟು ಹಿಂದೆಯೇ ನೆಲೆಗೊಂಡಿತ್ತು ಎನ್ನಲು ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ. ಕೊಟ್ಟುದನ್ನು ಅಳಿದವನಿಗೆ ಮಹಾಪಾತಕವೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಗೌರವವನ್ನು ಕಿತ್ತುಕೊಳ್ಳಬಹುದೆಂಬ ಭಯ ಇಲ್ಲದಿದ್ದರೆ ಶಾಪದ ಅಗತ್ಯ ಬೀಳುತ್ತಿರಲಿಲ್ಲ.

'ಮೆಚ್ಚು' ಎಂಬ ಕ್ರಿಯಾಪದ

ವೀರಪುರಸ್ಕಾರವನ್ನು ಹೇಳುವ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದ 'ಮೆಚ್ಚು'. ಇಂದು ನಾವು ಅಡುಗೆಯನ್ನೂ ಹಾಡನ್ನೂ ಒಂದೇ ಉಸಿರಿನಲ್ಲಿ ಮೆಚ್ಚುತ್ತೇವೆ. ಶಾಸನದ ಒಡೆಯನು ಮೆಚ್ಚಿದನೆಂದರೆ ಅದರ ಬೆನ್ನಿಗೆ ಒಂದು ಕೊಡುಗೆ ಬಂದೇ ಬರಬೇಕು. ಮೆಚ್ಚಿ ಸುಮ್ಮನಿರುವುದು ಸಾಧ್ಯವಿಲ್ಲ. ಆ ಕಾರಣದಿಂದ ಈ ಪದವನ್ನು ಮನಸ್ಸಿನ ಒಂದು ಭಾವವೆನ್ನುವುದಕ್ಕಿಂತ ಆಡಳಿತದ ಒಂದು ಕ್ರಿಯೆಯೆಂದು ಗ್ರಹಿಸುವುದು ಯುಕ್ತ. ಒಡೆಯನ ಮೆಚ್ಚುಗೆ ಭಟನ ಕಡೆಯಿಂದ ತೀರಿಸಲ್ಪಟ್ಟ ಒಂದು ಋಣಕ್ಕೆ ಉತ್ತರವಾಗಿ ಬರುತ್ತದೆ. ಉಂಡ ಅನ್ನದ ಋಣ 'ಜೋಳವಾಳಿ'. ಒಡೆಯನಿಗೆ ಒದಗಬೇಕಾದ ಸಮಯದಲ್ಲಿ ಒದಗುವೆನೆಂಬ ನುಡಿಯ ಋಣ 'ವೇಳೆವಾಳಿ'. ಈ ಋಣಗಳನ್ನು ತೀರಿಸುವುದು ಭಟನ ಧರ್ಮ. ತೀರಿಸಿದವನನ್ನು ಮೆಚ್ಚುವುದು ಒಡೆಯನ ಧರ್ಮ. ಎರಡನೆಯದು ತಪ್ಪಿದರೆ ಮೊದಲನೆಯದು ಉಳಿಯದು ಎಂಬ ಅರಿವು ಆಳುವವರಿಗೆ ಇತ್ತೆಂಬುದನ್ನು ಮುಂದಿನ ಎರಡು ಶಾಸನಗಳು ತೋರಿಸುತ್ತವೆ.

ಆತಕೂರು: ಒಂದೇ ಕಲ್ಲಿನಲ್ಲಿ ಮೂರು ಪುರಸ್ಕಾರ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಕ್ರಿ.ಶ. ೯೪೯-೫೦ರದು. ಹಂದಿಯೊಡನೆ ಹೋರಾಡುತ್ತಿರುವ ನಾಯಿಯ ಶಿಲ್ಪದಿಂದಾಗಿ ಇದು ಜನಪ್ರಿಯವಾಗಿದೆ. ನಾಯಿಗೂ ವೀರಗಲ್ಲು ಹಾಕಿದ ಕನ್ನಡಿಗರ ಪ್ರಾಣಿಪ್ರೀತಿಯೆಂದು ಇದನ್ನು ಕೊಂಡಾಡುವುದೂ ಉಂಟು. ಆ ಮಾತಿನಲ್ಲಿ ಸತ್ಯಾಂಶವಿದ್ದರೂ ಶಾಸನದ ಮಹತ್ವ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಯುದ್ಧದಿಂದ ಹೊರಟ ಗೌರವ ಹೇಗೆ ಮೇಲಿನಿಂದ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆಗಳು ವಿರಳ.

ಹಿನ್ನೆಲೆ ಹೀಗಿದೆ. ಇಂದು ತಮಿಳುನಾಡಿನ ರಾಣಿಪೇಟೆ ಜಿಲ್ಲೆಗೆ ಸೇರಿದ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಕುಮಾರ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಕೃಷ್ಣನು ಇದಕ್ಕೆ ಮೆಚ್ಚಿ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ನಾಡುಗಳನ್ನು ಬೂತುಗನಿಗೆ ಕೊಟ್ಟನು. ಇದು ಮೊದಲ ಮೆಟ್ಟಿಲು.

ಬೂತುಗನ ಆಳು ಮಣಲೆರನು ಅದೇ ಯುದ್ಧದಲ್ಲಿ ಪರಾಕ್ರಮವನ್ನು ತೋರಿದನು. ಬೂತುಗನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಬೂತುಗನ ಕಾಳಿ ಎಂಬ ಬೇಟೆನಾಯಿಯನ್ನು. ಆದರೆ ಬೂತುಗನು ನಾಯಿಯನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಮಣಲೆರನಿಗೆ 'ಬಾಳ್ಗಚ್ಚು' ಕೊಟ್ಟನು. ಹಲ್ಮಿಡಿಯ 'ಬಾಳ್ಗಳ್ಚು' ಐದು ಶತಮಾನಗಳ ಬಳಿಕ ಇಲ್ಲಿ ತುಸು ಸವೆದ ರೂಪದಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ. ರಾಜವಂಶಗಳು ಬದಲಾದವು, ಧ್ವನಿ ಬದಲಾಯಿತು, ವಿಧಿಯ ಹೆಸರು ಉಳಿಯಿತು. ಬೇಡಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂಬ ಈ ವಿವರವನ್ನು ಮಣಲೆರನ ನಿಃಸ್ಪೃಹತೆಗೆ ನಿದರ್ಶನವಾಗಿ ಓದುವುದುಂಟು. ಮೆಚ್ಚುಗೆಯ ವಿಧಿಯನ್ನು ನೆಲವಿಲ್ಲದೆ ಪೂರ್ಣಗೊಳಿಸಲು ಬರುತ್ತಿರಲಿಲ್ಲ ಎಂದು ಓದುವುದು ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ.

ಮೂರನೆಯ ಮೆಟ್ಟಿಲು ಕಾಳಿಯದು. ಮಣಲೆರನ ಬಳಿಗೆ ಬಂದ ಆ ನಾಯಿ ಕೆಳಲೆನಾಡಿನ ಬೆಳತೂರ ಬೆಟ್ಟದಲ್ಲಿ ಒಂದು ಮಹಾವರಾಹದೊಡನೆ ಸೆಣಸಿ ಅದರೊಂದಿಗೇ ಸತ್ತಿತು. ಮಣಲೆರನು ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ಕೊಟ್ಟನು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನು ಪಾಪಕ್ಕೆ ಗುರಿಯಾಗುವನೆಂಬ ಕಟ್ಟಳೆಯನ್ನೂ ಬರೆಯಿಸಿದನು. ಚಕ್ರವರ್ತಿಯು ಮಾಂಡಲಿಕನಿಗೆ ಸಾವಿರಗಳ ಲೆಕ್ಕದಲ್ಲಿ ನಾಡುಗಳನ್ನು, ಮಾಂಡಲಿಕನು ಭಟನಿಗೆ ಊರುಗಳನ್ನು, ಭಟನು ತನ್ನ ನಾಯಿಗೆ ಗದ್ದೆಯನ್ನು ಕೊಟ್ಟ ಈ ಸರಣಿಯಲ್ಲಿ ಪ್ರಮಾಣ ಮಾತ್ರ ಕುಗ್ಗುತ್ತ ಬರುತ್ತದೆ, ವ್ಯಾಕರಣ ಬದಲಾಗುವುದಿಲ್ಲ. ಕಾಳಿಗೆ ಸಂದ ಗೌರವವು ಮಣಲೆರನಿಗೆ ಸಂದ ಗೌರವದ ಪ್ರತಿರೂಪ. ನಾಯಿಯ ಮೇಲಿನ ಮಮತೆಗೆ ಇದರಿಂದ ಕುಂದೇನೂ ಬರುವುದಿಲ್ಲ. ಮಣಲೆರನು ತನ್ನ ಮಮತೆಯನ್ನು ಹೇಳಲು ತನಗೆ ತಿಳಿದಿದ್ದ ಏಕೈಕ ರಾಜಮರ್ಯಾದೆಯ ಭಾಷೆಯನ್ನು ಬಳಸಿದನು.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು, ಬೂತುಗನಿಗೆ ದೊರೆತ ನಾಡುಗಳನ್ನು ಕುರಿತದ್ದು. ಗದಗ ಜಿಲ್ಲೆಯ ಹೆಬ್ಬಾಳದ ಕ್ರಿ.ಶ. ೯೭೫ರ ಶಾಸನದ ಪ್ರಕಾರ ಕೃಷ್ಣನ ತಂದೆ ಬದ್ದೆಗ ಅಮೋಘವರ್ಷನು ತನ್ನ ಮಗಳು ರೇವಕನಿಮ್ಮಡಿಯನ್ನು ಬೂತುಗನಿಗೆ ಕೊಟ್ಟಾಗಲೇ ಪುಲಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆನಾಡುಗಳನ್ನು ಬಳುವಳಿಯಾಗಿ ಕೊಟ್ಟಿದ್ದನು. ಹಾಗಿದ್ದರೆ ತಕ್ಕೋಲದ ಬಳಿಕ ಬೂತುಗನಿಗೆ ನಿಜವಾಗಿ ಹೊಸತಾಗಿ ದೊರೆತದ್ದು ಬನವಾಸಿ ಮಾತ್ರವೆಂದಾಗುತ್ತದೆ. ಮದುವೆಯಿಂದ ಬಂದ ನೆಲವನ್ನು ಯುದ್ಧದಿಂದ ಗಳಿಸಿದ ನೆಲವೆಂದು ಮತ್ತೊಮ್ಮೆ ಬರೆಯಿಸುವುದರಲ್ಲಿ ಬೂತುಗನಿಗೆ ಏನು ಲಾಭ? ಬಳುವಳಿಯ ಹಕ್ಕು ನಂಟಿನ ಮೇಲೆ ನಿಂತಿದೆ. ವೀರದ ಹಕ್ಕು ಸ್ವಂತದ್ದು. ಪುರಸ್ಕಾರವೆಂಬುದು ಹೊಸ ಕೊಡುಗೆಯೇ ಆಗಿರಬೇಕಿಲ್ಲ, ಇದ್ದ ಒಡೆತನಕ್ಕೆ ಹೆಚ್ಚು ಗಟ್ಟಿಯಾದ ಆಧಾರವನ್ನು ಕಲ್ಪಿಸುವುದೂ ಪುರಸ್ಕಾರವೇ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು, ರಾಜಾದಿತ್ಯನ ವಧೆಯನ್ನು ಹೇಳುವ ಪದಗಳ ಓದು. ಶಾಸನದ ಮೊದಲ ಸಂಪಾದನೆಯಲ್ಲಿ ಆ ಮಾತುಗಳಿಗೆ ಬೂತುಗನು ಮೋಸದಿಂದ ಇರಿದನೆಂಬ ಅರ್ಥ ಬಂದಿತ್ತು. ಮರುಪರಿಶೀಲನೆಯಲ್ಲಿ 'ಬಿಸುಗೆ' ಎಂದರೆ ಆನೆಯ ಮೇಲಣ ಪೀಠವೆಂದೂ, ಅದನ್ನೇ ಕಳನನ್ನಾಗಿ ಮಾಡಿಕೊಂಡು ಇರಿದನೆಂಬುದು ಅರ್ಥವೆಂದೂ ತಿದ್ದಿಕೊಳ್ಳಲಾಯಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ದೊಡ್ಡ ಲೈಡನ್ ತಾಮ್ರಪಟ ಹೇಳುವುದು ಈ ತಿದ್ದುಪಡಿಗೆ ಪುಷ್ಟಿ ನೀಡುತ್ತದೆ. ಇದು ಕೇವಲ ಪಾಠನಿರ್ಣಯದ ಸಮಸ್ಯೆಯಲ್ಲ. ಮೋಸದ ಓದನ್ನು ಒಪ್ಪಿದರೆ ಚಕ್ರವರ್ತಿಯು ಕಪಟಕ್ಕೆ ಐದು ನಾಡುಗಳನ್ನು ಕೊಟ್ಟನೆಂದೂ, ಅದನ್ನು ಪಡೆದವನ ಕಡೆಯವರು ಹೆಮ್ಮೆಯಿಂದ ಕಲ್ಲಿನಲ್ಲಿ ಕೊರೆಯಿಸಿದರೆಂದೂ ಒಪ್ಪಬೇಕಾಗುತ್ತದೆ. ಪುರಸ್ಕಾರದ ದಾಖಲೆಯಲ್ಲಿ ಹಾಗೆ ಬರೆಯಿಸುವುದು ಸಂಭವವೇ ಎಂಬ ಪ್ರಶ್ನೆಯನ್ನು ಕೇಳಿಕೊಂಡಿದ್ದರೆ ಮೊದಲ ಓದಿನಲ್ಲಿಯೇ ಸಂಶಯ ಹುಟ್ಟಬಹುದಾಗಿತ್ತು.

ಬೇಗೂರು: ಸತ್ತವನ ಪಟ್ಟ, ಬದುಕಿದವನ ತಲೆಗೆ

ಬಾಳ್ಗಳ್ಚು ಬದುಕಿ ಬಂದವನಿಗೆ ಸಲ್ಲುವ ಗೌರವ. ಕತ್ತಿಯನ್ನು ತೊಳೆಯಿಸಿಕೊಳ್ಳಲು ಅವನು ಹಿಂದಿರುಗಿರಬೇಕು. ಹಿಂದಿರುಗದವನ ವಿಷಯದಲ್ಲಿ ಏನು ಮಾಡುತ್ತಿದ್ದರೆಂಬುದಕ್ಕೆ ಬೆಂಗಳೂರಿನ ಹೊರವಲಯದ ಬೇಗೂರಿನ ವೀರಗಲ್ಲು ಉತ್ತಮ ನಿದರ್ಶನ. ಇದೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳು ದಟ್ಟೈಸಿದ ಅದರ ಯುದ್ಧಚಿತ್ರವು ಕರ್ನಾಟಕದ ವೀರಶಿಲ್ಪಗಳಲ್ಲಿಯೇ ವಿಶಿಷ್ಟವಾದುದು.

ಗಂಗ ಎರೆಯಪ್ಪನು ಅಯ್ಯಪದೇವನ ಸಹಾಯಕ್ಕಾಗಿ ನಾಗತ್ತರನನ್ನು ಸಾಮಂತರ ಸಹಿತ ಕಳುಹಿಸಿದನು. ವೀರಮಹೇಂದ್ರನೊಡನೆ ತುಂಬೆಪಾದಿಯಲ್ಲಿ ನಡೆದ ಕಾಳಗದಲ್ಲಿ ಪರಿಸ್ಥಿತಿ ಕೈಮೀರಿದಾಗ ನಾಗತ್ತರನು ಆನೆಯನ್ನು ಎದುರಿಸಿ ಇರಿದು ಸತ್ತನು. ಶಾಸನವು ಇಲ್ಲಿ ಅಪ್ಸರೆಯರನ್ನೂ ಸುರಲೋಕವನ್ನೂ ತರದೆ 'ಸತ್ತ' ಎಂದೇ ಹೇಳುತ್ತದೆ. ಅದನ್ನು ಕೇಳಿದ ಎರೆಯಪ್ಪನು ಮೆಚ್ಚಿ ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಶಾಸನಬದ್ಧವಾಗಿ 'ಕಲ್ನಾಡು' ಕೊಟ್ಟನು.

ಗಮನಿಸಬೇಕಾದ ಮೊದಲ ಅಂಶ, ಮೆಚ್ಚಿದ್ದು ಸತ್ತವನನ್ನು, ಕೊಟ್ಟದ್ದು ಬದುಕಿದ್ದವನಿಗೆ. ಎರಡನೆಯದಾಗಿ, ನಾಗತ್ತರ ಎಂಬುದು ಒಬ್ಬ ವ್ಯಕ್ತಿಯ ಹೆಸರಾಗಿದ್ದಂತೆ ಇಲ್ಲಿ ಒಂದು ಪಟ್ಟದ ಹೆಸರೂ ಆಗಿದೆ. ಹಣೆಗೆ ಕಟ್ಟುವ ಪಟ್ಟಿಯೇ ಪಟ್ಟ. ಆ ಪಟ್ಟಿಯೊಂದಿಗೆ ಸ್ಥಾನ, ಹೆಸರು, ಆದಾಯ ಮೂರೂ ವರ್ಗಾವಣೆಗೊಳ್ಳುತ್ತವೆ. ಆನೆಯ ಕಾಲಕೆಳಗೆ ಸತ್ತ ದೇಹವೊಂದು ಬಿಟ್ಟುಹೋದ ತೆರವನ್ನು ಒಡನೆಯೇ ತುಂಬದಿದ್ದರೆ ಆ ಸೀಮೆಯ ಸೈನ್ಯವ್ಯವಸ್ಥೆಯೇ ಕುಸಿಯುವ ಸಂಭವವಿತ್ತು. ಆದ್ದರಿಂದ ಈ ಪುರಸ್ಕಾರದಲ್ಲಿ ಕೃತಜ್ಞತೆ ಎಷ್ಟಿದೆಯೋ ಮುಂದಿನ ಸೇವೆಯ ನಿರೀಕ್ಷೆಯೂ ಅಷ್ಟೇ ಇದೆ. ಬೇಗೂರಿನಲ್ಲಿಯೇ ದೊರೆತಿರುವ, 'ಬೆಂಗಳೂರ ಕಾಳಗ'ವನ್ನು ಹೇಳುವುದರಿಂದ ಪ್ರಸಿದ್ಧವಾದ ಇನ್ನೊಂದು ವೀರಗಲ್ಲಿನಲ್ಲಿ ನಾಗತ್ತರನ ಕಡೆಯವರ ಮರಣ ನಮೂದಾಗಿದೆ. ಒಂದೇ ಮನೆತನವು ಒಂದೇ ಕಾಲಘಟ್ಟದಲ್ಲಿ ಎಷ್ಟು ಬೆಲೆ ತೆತ್ತಿತೆಂಬುದಕ್ಕೆ ಇವೆರಡೂ ಒಟ್ಟಾಗಿ ಸಾಕ್ಷಿ.

'ಕಲ್ನಾಡು' ಪದವನ್ನು ವಿವರಿಸುವಲ್ಲಿ ಎರಡು ದಾರಿಗಳಿವೆ. ಕಲ್ಲು ನೆಟ್ಟು ಗುರುತಿಸಿ ಕೊಟ್ಟ ನಾಡು ಎಂಬುದು ಒಂದು. ವೀರಗಲ್ಲಿಗೆ ಸಂಬಂಧಿಸಿ ಕೊಟ್ಟ ಭೂಮಿ ಎಂಬುದು ಇನ್ನೊಂದು. ಬೇಗೂರಿನಲ್ಲಿ ಎರಡೂ ಹೊಂದುತ್ತವೆ. ಹನ್ನೆರಡು ಎಂದು ಸುಮ್ಮನೆ ಹೇಳದೆ ಊರುಗಳನ್ನು ಹೆಸರು ಹಿಡಿದು ಎಣಿಸಿರುವುದು ಈ ಶಾಸನದ ವೈಶಿಷ್ಟ್ಯ.

ನೆತ್ತರಿನ ಕೊಡುಗೆ

ಮೇಲಿನವು ಅರಸರ ಮಟ್ಟದ ದಾಖಲೆಗಳು. ಸಂಖ್ಯೆಯ ದೃಷ್ಟಿಯಿಂದ ಹೆಚ್ಚಿನ ವೀರಗಲ್ಲುಗಳು ತುರುಗೊಳ್ ಮತ್ತು ಊರಳಿವುಗಳಲ್ಲಿ ಸತ್ತವರವು. ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಇಂತಹ ಕಲ್ಲುಗಳು ಹೇರಳವಾಗಿವೆ. ಹಸುಗಳನ್ನು ಹಿಂದಿರುಗಿಸಿ ತಂದು ಪ್ರಾಣಬಿಟ್ಟವನ ಮನೆಯವರಿಗೆ ಊರವರು, ನಾಡಗಾವುಂಡರು ಅಥವಾ ಅಗ್ರಹಾರದ ಮಹಾಜನರು ಕೊಡುತ್ತಿದ್ದ ಭೂಮಿಗೆ 'ನೆತ್ತರುಗೊಡಗೆ' ಎಂಬ ಹೆಸರಿತ್ತು. ನಂತರದ ಕಾಲದಲ್ಲಿ 'ರಕ್ತಮಾನ್ಯ' ಎಂಬ ಸಂಸ್ಕೃತರೂಪವೂ ಬಳಕೆಗೆ ಬಂದಿತು. ತಮಿಳು ಶಾಸನಗಳ 'ಉದಿರಪ್ಪಟ್ಟಿ' ಇದಕ್ಕೆ ಸಂವಾದಿಯಾದುದು. ಉದಿರಂ ಎಂದರೆ ರುಧಿರವೇ.

ಈ ಕೊಡುಗೆಯ ಅಳತೆ ಸಾಮಾನ್ಯವಾಗಿ ಕೊಳಗ ಕಂಡುಗಗಳಲ್ಲಿ. ಅದು ಒಂದು ಸಂಸಾರದ ಹೊಟ್ಟೆ ತುಂಬಲು ಬೇಕಾದಷ್ಟು. ಬಾಳ್ಗಳ್ಚು ಎಂಬ ಪದದಲ್ಲಿ ಕತ್ತಿ ಇದೆ, ಕಲ್ನಾಡಿನಲ್ಲಿ ಕಲ್ಲು ಇದೆ, ಇಲ್ಲಿರುವುದು ನೆತ್ತರು. ದುಡಿಯುವ ಗಂಡಸನ್ನು ಕಳೆದುಕೊಂಡ ಮನೆಗೆ ಊರು ತುಂಬಿಕೊಟ್ಟ ನಷ್ಟವೆಂಬ ಅರ್ಥ ಈ ಪದದಲ್ಲಿ ಮುಚ್ಚುಮರೆಯಿಲ್ಲದೆ ವ್ಯಕ್ತವಾಗುತ್ತದೆ. ಆಧುನಿಕ ವ್ಯವಸ್ಥೆಗಳೂ ಇದರಿಂದ ಬಹಳ ದೂರವಿಲ್ಲ. ೧೮೩೭ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಭಾರತೀಯ ಸಿಪಾಯಿಗಳಿಗಾಗಿ ಆರ್ಡರ್ ಆಫ್ ಮೆರಿಟ್ ಎಂಬ ಗೌರವವನ್ನು ಸ್ಥಾಪಿಸಿದಾಗ ಪದಕದೊಂದಿಗೆ ಹೆಚ್ಚುವರಿ ವೇತನವನ್ನೂ, ಪಡೆದವನ ವಿಧವೆಗೆ ಮೂರು ವರ್ಷಗಳ ಪಿಂಚಣಿಯನ್ನೂ ಸೇರಿಸಿತ್ತು. ೧೯೫೦ರ ಜನವರಿ ೨೬ರಂದು ಸ್ಥಾಪಿತವಾಗಿ ೧೯೪೭ರ ಆಗಸ್ಟ್ ೧೫ರಿಂದ ಪೂರ್ವಾನ್ವಯವಾದ ಪರಮವೀರಚಕ್ರದ ಜೊತೆಗೂ ಹಣದ ಭತ್ಯೆ ಇದೆ, ರಾಜ್ಯ ಸರ್ಕಾರಗಳ ಕೊಡುಗೆಗಳೂ ಇವೆ. ಆದರೆ ಒಂದು ವ್ಯತ್ಯಾಸ ಸ್ಪಷ್ಟವಾಗಿದೆ. ಇಂದಿನ ಪದಕವು ಎದೆಯ ಮೇಲಿನ ಚಿಹ್ನೆ, ಭತ್ಯೆ ಅದರ ಅನುಬಂಧ. ನೆತ್ತರುಗೊಡಗೆಯಲ್ಲಿ ನೆಲವೇ ಪದಕ, ಕಲ್ಲು ಅದರ ಅನುಬಂಧ.

ಬಿರುದು ಮತ್ತು ತೊಡರು

ನೆಲವಲ್ಲದ ಗೌರವಗಳೂ ಇದ್ದವು. ಅವುಗಳಲ್ಲಿ ಬಿರುದು ಪ್ರಮುಖವಾದುದು. ಗಂಗರ ದಂಡನಾಯಕ, ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನ ಬಿರುದುಗಳನ್ನು ಅವನ ಪುರಾಣವು (ಕ್ರಿ.ಶ. ೯೭೮) ಕಾರಣಸಹಿತ ವಿವರಿಸಿರುವುದು ಸಂಶೋಧಕರ ಭಾಗ್ಯ. ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಗೆದ್ದುದಕ್ಕೆ ಸಮರಧುರಂಧರ, ನೊಳಂಬರ ಮೇಲಿನ ಗೋನೂರ ಕಾಳಗಕ್ಕೆ ವೀರಮಾರ್ತಂಡ, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿದ್ದಕ್ಕೆ ರಣರಂಗಸಿಂಗ (ಈ ರಾಜಾದಿತ್ಯನು ತಕ್ಕೋಲದಲ್ಲಿ ಸತ್ತ ಚೋಳನಲ್ಲವೆಂಬುದನ್ನು ಹೇಳಬೇಕಾಗಿಲ್ಲ), ಬಾಗೆಯೂರ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದುದಕ್ಕೆ ವೈರಿಕುಲಕಾಲದಂಡ ಎಂಬ ಬಿರುದುಗಳು ಬಂದವು. ಒಂದೊಂದು ಬಿರುದಿಗೂ ಒಂದೊಂದು ಕಳ, ಒಬ್ಬೊಬ್ಬ ಎದುರಾಳಿ. ಹೀಗಾಗಿ ಬಿರುದಾವಳಿಯೆಂಬುದು ಹೊಗಳಿಕೆಯ ಸರಮಾಲೆಯಾಗಿರದೆ ಸೇವಾವಿವರದ ಪಟ್ಟಿಯಾಗಿತ್ತು. ಇದೇ ಪಟ್ಟಿಯಲ್ಲಿ ಹಾಸ್ಯಕ್ಕೂ ಸುಳ್ಳಾಡದ 'ಸತ್ಯಯುಧಿಷ್ಠಿರ'ನೂ ಇದ್ದಾನೆ. ನಂತರದ ಶತಮಾನಗಳಲ್ಲಿ ಬಿರುದುಗಳು ವಂಶಪಾರಂಪರ್ಯವಾಗಿ, ಕವಿಸಮಯವಾಗಿ ಉಬ್ಬಿಹೋದಾಗ ಈ ಖಚಿತತೆ ಮಾಯವಾಯಿತು.

ಕಾಲಿನ ತೊಡರು ಅಥವಾ ಪೆಂಡೆಯದ ಕಥೆ ಇನ್ನೂ ಗಂಭೀರವಾದುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದ ಸ್ತಂಭಶಾಸನವೊಂದು ಇಮ್ಮಡಿ ಬಲ್ಲಾಳನ ದಂಡನಾಯಕ ಕುವರಲಕ್ಷ್ಮನನ್ನು ಕುರಿತದ್ದು. ಅರಸನು ಮಗನಂತೆ ಸಾಕಿದ್ದ ಈತನೂ ಈತನ ಮಡದಿ ಸುಗ್ಗಲದೇವಿಯೂ ಸಾವಿರ ಮಂದಿ ವೀರರೂ ಒಡೆಯನೊಡ್ಡಿದ ಪ್ರಾಣಕ್ಕೆ ತಮ್ಮ ಪ್ರಾಣವೆಂದು ಪಣತೊಟ್ಟು ಎಡಗಾಲಿಗೆ ಪೊನ್ನ ತೊಡರನ್ನು ಕಟ್ಟಿದ್ದರು. ಕ್ರಿ.ಶ. ೧೨೨೦ರ ಸುಮಾರಿನಲ್ಲಿ ಬಲ್ಲಾಳನು ತೀರಿಕೊಂಡಾಗ ಆ ಪಣ ತೀರಿತು. ಸ್ತಂಭದ ಮೇಲೆ ತಮ್ಮ ಕೊರಳಿಗೆ ತಾವೇ ಕತ್ತಿಯಿಡುತ್ತಿರುವ ವೀರರ ಶಿಲ್ಪಗಳಿವೆ. ಬಾಳ್ಗಳ್ಚು ಕಾರ್ಯವಾದ ಮೇಲೆ ಬರುವ ಗೌರವ. ತೊಡರು ಕಾರ್ಯಕ್ಕೆ ಮೊದಲೇ ತೊಡುವ ಗೌರವ. ಗರುಡರೆಂದು ಕರೆಯಿಸಿಕೊಂಡ ಈ ವೀರರ ಪಾಲಿಗೆ ಗೌರವವೂ ಬಂಧನವೂ ಒಂದೇ ಚಿನ್ನದಿಂದ ಮಾಡಲ್ಪಟ್ಟಿದ್ದವು. 'ತೊಡರು' ಶಬ್ದಕ್ಕೆ ಸಿಕ್ಕಿಕೊಳ್ಳುವುದು ಎಂಬ ಅರ್ಥ ಕನ್ನಡದಲ್ಲಿ ಇಂದಿಗೂ ಇದೆ.

ಪುರಸ್ಕಾರವಿಲ್ಲದ ಕಲ್ಲುಗಳು

ಇದುವರೆಗಿನ ವಿವೇಚನೆ ದತ್ತಿ ನಮೂದಾದ ಶಾಸನಗಳನ್ನು ಕುರಿತದ್ದು. ಶೌರ್ಯವನ್ನು ಮಾತ್ರ ಹೇಳಿ ನಿಲ್ಲಿಸುವ ಕಲ್ಲುಗಳೂ ಅನೇಕ. ಶ್ರವಣಬೆಳಗೊಳದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲೊಂದರಲ್ಲಿ ಕುದುರೆಯನ್ನೇರಿ ಕತ್ತಿಯೆತ್ತಿ ಆನೆಯ ಮೇಲಿನವನನ್ನು ಎದುರಿಸುತ್ತಿರುವ ಸ್ತ್ರೀಯ ಶಿಲ್ಪವಿದೆ. ಪತಿ ಲೋಕವಿದ್ಯಾಧರನೊಡನೆ ಬಾಗೆಯೂರ ಕಾಳಗಕ್ಕೆ ಹೋಗಿ ಅಲ್ಲಿ ಮಡಿದ ಸಾವಿಯಬ್ಬೆಯೆಂಬವಳು ಆಕೆ. ಚಾವುಂಡರಾಯನಿಗೆ ಬಿರುದನ್ನು ತಂದುಕೊಟ್ಟ ಊರಿನ ಹೆಸರೂ ಬಾಗೆಯೂರೇ ಎಂಬುದನ್ನು ಗಮನಿಸಬೇಕು. ಎರಡೂ ಒಂದೇ ಸಂದರ್ಭವೆಂದು ಸಾಧಿಸುವುದು ಇಲ್ಲಿ ಉದ್ದೇಶವಲ್ಲ. ಒಂದೇ ಹೆಸರಿನ ಕಳದಿಂದ ಒಬ್ಬರು ಪುರಾಣದ ಪುಟವನ್ನು ಸೇರಿದರು, ಇನ್ನೊಬ್ಬರು ಕಲ್ಲಿನ ಮೂಲೆಯನ್ನು. ಬರಹವೇ ಇಲ್ಲದ ವೀರಗಲ್ಲುಗಳ ಪಾಡನ್ನಂತೂ ಕೇಳುವವರಿಲ್ಲ. ಶಾಸನಸಂಪುಟಗಳಿಗೆ ಅವು ಸೇರುವುದಿಲ್ಲ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ ಅಥವಾ ಜಿನನ ಸನ್ನಿಧಿ ಎಂಬ ಮೂರು ಪಟ್ಟಿಕೆಗಳ ಕ್ರಮವನ್ನು ಹೇಳಿ ಶಿಲ್ಪಚರಿತ್ರೆಯೂ ಅವುಗಳನ್ನು ಬಿಟ್ಟುಬಿಡುತ್ತದೆ. ಅವುಗಳ ಸುತ್ತಣ ಹೊಲಗಳ ಹಳೆಯ ಹೆಸರುಗಳನ್ನೂ ಇನಾಂ ದಾಖಲೆಗಳನ್ನೂ ಹುಡುಕಿದರೆ ಕಳೆದುಹೋದ ಕೊಡಗೆಗಳ ಸುಳಿವು ಸಿಕ್ಕೀತು. ಈ ದಿಕ್ಕಿನ ಕ್ಷೇತ್ರಕಾರ್ಯ ತಾಲ್ಲೂಕುವಾರು ನಡೆಯಬೇಕಾಗಿದೆ.

ವಿಳಂಬಕ್ಕೆ ಹೆಚ್ಚು ಅವಕಾಶವಿಲ್ಲ. ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಒಳಚರಂಡಿಗಾಗಿ ನೆಲ ಅಗೆಯುವಾಗ ಗಂಗ ಶ್ರೀಪುರುಷನ ಕಾಲದ, ಕ್ರಿ.ಶ. ೭೫೦ರ ಸುಮಾರಿನ ವೀರಗಲ್ಲೊಂದು ಹೊರಬಿದ್ದಿತು. ಊರಳಿವಿನಲ್ಲಿ ಕಾದಿ ಮಡಿದ ಕಿತ್ತಯ್ಯನೆಂಬವನ ಹೆಸರು ಅದರಲ್ಲಿದೆ. ಬೆಂಗಳೂರು ಪ್ರದೇಶದ ಅತ್ಯಂತ ಹಳೆಯ ಕನ್ನಡ ಬರಹಗಳಲ್ಲಿ ಒಂದೆಂದು ಅದು ಈಗ ಮಾನ್ಯವಾಗಿದೆ. ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರು ಸುತ್ತಣ ಶಾಸನಗಳನ್ನು ಮೂರು ಆಯಾಮದ ಡಿಜಿಟಲ್ ಪ್ರತಿಗಳಾಗಿ ಉಳಿಸುವ ಕಾರ್ಯವನ್ನು ಕೈಗೊಂಡಿರುವುದು ಸ್ವಾಗತಾರ್ಹ. ಆದರೆ ಪ್ರತಿಯು ಅಕ್ಷರಗಳನ್ನು ಉಳಿಸುತ್ತದೆ. ಕಲ್ಲು ಯಾವ ಕೆರೆಯ ಕೆಳಗೆ, ಯಾವ ಗದ್ದೆಯ ಅಂಚಿನಲ್ಲಿ ನಿಂತಿತ್ತು ಎಂಬುದನ್ನು ಅದರ ಜೊತೆಯಲ್ಲಿಯೇ ನಕ್ಷೆಯ ಮೇಲೆ ಗುರುತಿಸದಿದ್ದರೆ ದತ್ತಿಯ ಅಧ್ಯಯನಕ್ಕೆ ಬೇಕಾದ ಅರ್ಧ ಸಾಮಗ್ರಿ ಕೈತಪ್ಪುತ್ತದೆ.

ಬೇಗೂರಿನ ಕಲ್ಲಿನ ಹನ್ನೆರಡು ಊರುಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬಹುದು. ಇಗ್ಗಲೂರು ಇಂದಿಗೂ ಅದೇ ಹೆಸರಿನಲ್ಲಿದೆ. ಪುಲ್ಲಿಮಂಗಲವು ಹುಲಿಮಂಗಲವಾಗಿದೆ, ಕೂಡಲೆಯು ಕೂಡ್ಲು ಆಗಿದೆ. ಇರುಗನಿಗೆ ಸಂದ ಕಲ್ನಾಡಿನ ಈ ನೆಲದ ಮೇಲೆ ಈಗ ಬೆಂಗಳೂರಿನ ದಕ್ಷಿಣದ ಬಡಾವಣೆಗಳು ಹಬ್ಬಿವೆ.